ಮರುದಿನ ಬೆಳಿಗ್ಗೆ ಉಳಿದ ಹಾಡು

ಲಂಡನ್ನಿನ ವೆಂಬ್ಲಿಯಲ್ಲಿ ಟೈರ್ ಅಂಗಡಿಯ ಮೇಲಿದ್ದ, ಸೋಲ್ ಎಂಬ ಕಪ್ಪು ಜನರ ಸಂಗೀತದ ಹಾಡುಗಳನ್ನು ಹೊರತರುವ ಆ ಪುಟ್ಟ ಕಂಪನಿಗೆ ಆಫೀಸು ನೋಡಿಕೊಳ್ಳಲು ಸೇರಿದಾಗ ನನಗೆ ಆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಬೆಂಗಳೂರಿನವಳು, ಹಾಡೆಂದರೆ ಭಾವಗೀತೆ, ಸಿನಿಮಾ ಗೀತೆ ಅಷ್ಟೆ. "ಒಳ್ಳೇದೇ ಆಯ್ತು, ನಿನ್ನ ಕಿವಿ ಇನ್ನೂ ಕೆಟ್ಟಿಲ್ಲ," ಅಂದರು ಒಡತಿ. ಜಮೈಕಾದಿಂದ ಬಂದ ದಂಪತಿಯ ಮಗಳು, ಅರವತ್ತು ದಾಟಿದವರು, ಯಾರ ಮುಲಾಜಿಗೂ ಬೀಳದ ಹೆಂಗಸು.

ಹಾಡು ಆರಿಸುವ ಅವರ ಕ್ರಮವೇ ವಿಚಿತ್ರ. ಗುರುವಾರ ಚಹಾದ ಹೊತ್ತಿಗೆ ಆಫೀಸಿನ ಅಡುಗೆಮನೆಯಲ್ಲಿ, ಫ್ರಿಜ್ ಮೇಲಿನ ಅಗ್ಗದ ಸ್ಪೀಕರಿನಲ್ಲಿ, ಹೊಸ ಹಾಡುಗಳನ್ನು ತಲಾ ಒಂದೇ ಸಲ ಹಾಕುತ್ತಿದ್ದರು. ಕೇಳಿದ ಮೇಲೆ ನಾವು ತುಟಿಪಿಟಕ್ಕೆನ್ನುವಂತಿಲ್ಲ. ಶುಕ್ರವಾರ ಬೆಳಿಗ್ಗೆ ಬಂದವರೇ, ಕೋಟು ಬಿಚ್ಚುವ ಮೊದಲು, ನೆನಪಿನಲ್ಲಿ ಉಳಿದದ್ದನ್ನು ಗುನುಗಬೇಕು. ಹೆಚ್ಚು ಜನರಿಗೆ ಉಳಿದ ಹಾಡು ಬಿಡುಗಡೆಯಾಗುತ್ತಿತ್ತು. ಮೊದಮೊದಲು ನಾಚಿಕೆಯಿಂದ ನನ್ನ ಜೀವವೇ ಹೋಗುತ್ತಿತ್ತು. ರೇನರ್ಸ್ ಲೇನ್‌ನ ನಮ್ಮ ಫ್ಲಾಟಿನಲ್ಲಿ ದೋಸೆ ಹುಯ್ಯುವಾಗ ಗಂಡ ಕಾಡಿಸುತ್ತಿದ್ದ: "ಏನೇ, ಇವತ್ತು ಯಾವ ಹಾಡು ಪಾಸು?"

ಒಂದು ವಾರ ಎರಡು ಹಾಡುಗಳಿದ್ದವು, ಜಾಗ ಒಂದಕ್ಕೇ. ಒಂದನ್ನು ಹಾಡಿದವಳು ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುವ ಹೆಂಗಸು. ಹಿಂದಿನ ಹಾಡುಗಳು ಓಡಿರಲಿಲ್ಲ. ಇದೂ ಆಯ್ಕೆಯಾಗದಿದ್ದರೆ ಅವಳನ್ನು ಕೈಬಿಡುವುದೆಂದು ಒಡತಿ ಖಡಾಖಂಡಿತವಾಗಿ ಹೇಳಿದ್ದರು. ಇನ್ನೊಂದು ಹಾಡನ್ನು ಬರೆದವರು ಸ್ವತಃ ಒಡತಿ, ಎಷ್ಟೋ ವರ್ಷಗಳ ನಂತರ. ತಮ್ಮ ನಿಯಮವನ್ನು ತಾವೇ ಮುರಿದು ಗುರುವಾರವೇ ಗೊಣಗಿದ್ದರು: "ಇವಳದ್ದು ಸಪ್ಪೆ."

ಶುಕ್ರವಾರ ನಾವು ಸರಿಯಾಗಿ ಇಬ್ಭಾಗವಾದೆವು. ನನಗೆ ಉಳಿದದ್ದು ವಾರ್ಡಿನವಳ ಹಾಡು. ಇನ್ನು ತೀರ್ಮಾನ ಒಡತಿಯದೇ. ಅವಳ ಕಥೆ ಮುಗಿಯಿತೆಂದು ನನಗೆ ಸಂಕಟವಾಯಿತು. "ಸ್ವಲ್ಪ ತಡೀರಿ, ಯೋಚನೆ ಮಾಡ್ತೀನಿ," ಎಂದು ಅವರು ಸಿಂಕಿನಲ್ಲಿದ್ದ ಕಪ್ಪುಗಳನ್ನು ತೊಳೆಯತೊಡಗಿದರು. ಒಂದು ತೊಳೆದರು, ಇನ್ನೊಂದು ತೊಳೆದರು. ಆಮೇಲೆ, ತಮಗೇ ಅರಿವಿಲ್ಲದೆ, ಗುನುಗತೊಡಗಿದರು.

ವಾರ್ಡಿನವಳ ಹಾಡು!

ಪಲ್ಲವಿ ಮುಗಿಯುವ ಹೊತ್ತಿಗೆ ಅವರಿಗೇ ಗೊತ್ತಾಯಿತು. ನಲ್ಲಿ ನಿಲ್ಲಿಸಿ ನಮ್ಮೆಲ್ಲರನ್ನೂ ದುರುಗುಟ್ಟಿ ನೋಡಿದರು. ಏನಾದರೊಂದು ನೆಪ ಹೇಳುತ್ತಾರೆ ಅಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿದ್ದರು. ಇವರು ಹೇಳಲಿಲ್ಲ. ಇವರಂಥ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಒದ್ದೆ ಕೈಯಲ್ಲೇ ಅವಳಿಗೆ ಫೋನ್ ಮಾಡಿದರು. "ನಿನ್ನ ಹಾಡೇ ಬರುತ್ತೆ ಕಣಮ್ಮ." ಆ ಕಡೆಯಿಂದ ನಂಬಲಾರದ ದನಿಯೊಂದು ಏನೋ ಕೇಳಿತು.

"ಹೂಂ, ನಿಂದೇ. ನಂದು ನನಗೇ ಬಾಯಿಗೆ ಬರಲಿಲ್ಲ."