ತಕರಾರಿನ ಕಡೆಯ ಮಾತು

ಸತ್ತವರಿಗೆ ಕೊನೆಯ ಸ್ನಾನ ಮಾಡಿಸುವುದು ಅವಳ ಕೆಲಸ. ಮಸೀದಿಯ ಹಿಂದಿನ ಓಣಿಗಳಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಕಡೇನೀರಮ್ಮ. ಕೆಲವರು ಅವಳು ಎದುರಾದರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು. "ಇವತ್ತು ತಪ್ಪಿಸ್ಕೊಳ್ಳಿ, ಒಂದಿನ ನನ್ನ ಕೈಗೇ ಸಿಗ್ತೀರಲ್ಲ" ಎಂದು ಅವಳು ಕೂಗಿ ಹೇಳಿ ನಗುತ್ತಿದ್ದಳು.

ಆದರೆ ಕೆಲಸಕ್ಕೆ ನಿಂತಳೆಂದರೆ ನಗು ಹತ್ತಿರ ಸುಳಿಯುತ್ತಿರಲಿಲ್ಲ. ನೀರು ಹದವಾಗಿ ಬೆಚ್ಚಗಿರಬೇಕು, ಬಲಗಡೆಯಿಂದ ಶುರುಮಾಡಬೇಕು, ಕೊನೆಯ ನೀರಿಗೆ ಕರ್ಪೂರ ಬೀಳಬೇಕು. ಯಾರಾದರೂ ಹೆಣದ ಕಿವಿಯ ಬಳಿ ಬಗ್ಗಿ, "ಅಲ್ಲಿ ನಮ್ಮಮ್ಮ ಸಿಕ್ರೆ ನಾನು ಕೇಳ್ದೆ ಅಂತ ಹೇಳು" ಎಂದರೆ ಸಿಡಿದುಬೀಳುತ್ತಿದ್ದಳು. "ಇವರೇನು ಪೋಸ್ಟ್‌ಮ್ಯಾನಾ? ಹೇಳೋದಿದ್ರೆ ಅಲ್ಲಾಹನ ಹತ್ರ ಹೇಳ್ಕೊಳ್ಳಿ. ಸತ್ತವರ ಕೈಲಿ ಏನೂ ಇಲ್ಲ."

ಸಾಯುವವರ ಮಗ್ಗುಲಲ್ಲಿ ಹೇಗಿರಬೇಕೆಂದು ಹೆಂಗಸರಿಗೆ ಕಲಿಸುತ್ತಿದ್ದವಳೂ ಅವಳೇ. ದೇವರೊಬ್ಬನೇ, ಮುಹಮ್ಮದರು ಅವನ ದೂತರು ಎನ್ನುವ ಕಲಿಮಾ ಮನುಷ್ಯನ ಕಡೆಯ ಮಾತಾಗಿರಬೇಕು. ಹಾಗೆಂದು "ಹೇಳು, ಹೇಳು" ಎಂದು ಪೀಡಿಸುವಂತಿಲ್ಲ. ಪಕ್ಕದಲ್ಲಿ ಕೂತು, ಅವರಿಗೆ ಕೇಳುವಷ್ಟು ಮೆಲ್ಲಗೆ, ತಾನೇ ಹೇಳುತ್ತಿರಬೇಕು. ಅವರ ಬಾಯಿಂದ ಒಮ್ಮೆ ಬಂದಿತೋ, ಆಮೇಲೆ ಕೂತವರು ತುಟಿ ಬಿಚ್ಚಬಾರದು, ಅವರನ್ನು ಬೇರೆ ಮಾತಿಗೆ ಎಳೆಯಬಾರದು. ಒಂದು ಮನೆಯಲ್ಲಿ ಅತ್ತೆ ಚೆಂದವಾಗಿ ಕಲಿಮಾ ಹೇಳಿ ಕಣ್ಣು ಮುಚ್ಚುವಷ್ಟರಲ್ಲಿ ಸೊಸೆ "ಬೀರು ಕೀ ಎಲ್ಲಿಟ್ಟಿದ್ದೀರಿ?" ಎಂದು ಕೇಳಿ, ಆ ಮುದುಕಿ "ಅಕ್ಕಿ ಡಬ್ಬಿ" ಎಂದು ಪ್ರಾಣ ಬಿಟ್ಟಿದ್ದಳು. ಆ ಸೊಸೆಗೆ ಕಡೇನೀರಮ್ಮ ಮಾಡಿದ ಮಂಗಳಾರತಿ ಓಣಿಗೆಲ್ಲ ಕೇಳಿಸಿತ್ತು.

ಇಂಥವಳಿಗೆ ಸಿಕ್ಕ ಗಂಡ ದೇವರನ್ನೇ ನಂಬದವನು. ಕ್ಷೌರದಂಗಡಿ ಇಟ್ಟಿದ್ದ ಅವನಿಗೆ ಗಿರಾಕಿಗಳು ಇಟ್ಟ ಹೆಸರು ತಕರಾರು. ಯಾರೇನೇ ಹೇಳಲಿ, "ಅದಕ್ಕೆ ನನ್ನದೊಂದು ತಕರಾರಿದೆ" ಎಂದು ಕತ್ತರಿ ಎತ್ತಿ ಹಿಡಿಯುತ್ತಿದ್ದ. ಮೊದಲಿನಿಂದ ಅವನು ಹಾಗಿರಲಿಲ್ಲ. ಒಬ್ಬಳೇ ಮಗಳು ಜ್ವರ ಬಂದು, ಇನ್ನೂ ಶಾಲೆಗೆ ಸೇರುವ ಮೊದಲೇ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದವನು ಕೈಕಾಲು ತೊಳೆದು ಹೆಂಡತಿಗೆ, "ಇನ್ನು ಮುಂದೆ ನಾನು ಯಾರ ಮುಂದೇನೂ ಬಗ್ಗಲ್ಲ" ಎಂದ. ಬಗ್ಗಲಿಲ್ಲ.

ಅವಳು ಬಗ್ಗುವುದನ್ನು ಬಿಡಲಿಲ್ಲ. ಎಳೆಯ ಮಕ್ಕಳು ಸತ್ತರೆ ಸ್ವರ್ಗದ ಬಾಗಿಲಲ್ಲಿ ಕಾದು ನಿಂತು, ನಂಬಿದ ತಾಯಿತಂದೆ ಬಂದಾಗ ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ ಎಂದು ಅವಳು ಕೇಳಿದ್ದಳು. ಆ ಒಂದು ಮಾತಿನ ಮೇಲೆ ಅವಳು ಅಷ್ಟು ವರ್ಷ ಬದುಕಿದ್ದಳು. ಆ ಬಾಗಿಲಿಗೆ ತಾನೊಬ್ಬಳೇ ಹೋದರೆ ಮಗಳು "ಅಪ್ಪ ಎಲ್ಲಿ?" ಎಂದು ಕೇಳುವುದಿಲ್ಲವೇ? ಅದೊಂದೇ ಅವಳ ಹೆದರಿಕೆ.

ಎದೆ ಕೆಟ್ಟು ಗಂಡ ಹಾಸಿಗೆ ಹಿಡಿದಾಗ ಆ ಹೆದರಿಕೆ ಮನೆಯೊಳಗೇ ಬಂದು ಕೂತಿತು. ಡಾಕ್ಟರು ಕೈಚೆಲ್ಲಿದ್ದರು. ಅಂಗಡಿಯ ಹಳೆಯ ಗೆಳೆಯರಿಬ್ಬರು, ನಿವೃತ್ತ ಮೇಷ್ಟ್ರು ಮತ್ತು ಬೇಕರಿಯವನು, ನೋಡಲು ಬಂದರು. ದಿಂಬಿಗೆ ಒರಗಿಕೊಂಡೇ ತಕರಾರು ಹಳೆಯ ಜಗಳ ತೆಗೆದ.

"ಮೇಷ್ಟ್ರೇ, ನನ್ನ ಮಗಳು ಎಲ್ಲಿದ್ದಾಳೆ ಹೇಳಿ."

"ಎಲ್ಲೋ ಇನ್ನೊಂದು ಮನೇಲಿ ಹುಟ್ಟಿರ್ತಾಳೆ ಕಣಯ್ಯಾ. ಋಣ ಇದ್ರೆ ಮತ್ತೆ ಸಿಗ್ತಾಳೆ. ಆದ್ರೆ ನಿನಗೂ ಗೊತ್ತಾಗಲ್ಲ, ಅವಳಿಗೂ ಗೊತ್ತಾಗಲ್ಲ."

"ನೀನೇನಂತೀಯೋ?"

ಬೇಕರಿಯವನು ಕೊರಳಿನ ಶಿಲುಬೆ ಮುಟ್ಟಿಕೊಂಡ. "ಪ್ರಭುವಿನ ಮಡಿಲಲ್ಲಿದ್ದಾಳೆ. ಅವನು ನಮ್ಮೆಲ್ಲರ ಪಾಪ ತಾನೇ ಹೊತ್ಕೊಂಡು ಸತ್ತ. ನಿಂದೂ ಸೇರಿಸಿ."

"ನಮ್ಮನೆಯವಳು ಸ್ವರ್ಗದ ಬಾಗಿಲು ಅಂತಾಳೆ. ಇದ್ದಿದ್ದು ಒಬ್ಬಳೇ ಮಗಳು, ನೀವು ಮೂರು ಜನ ಮೂರು ವಿಳಾಸ ಕೊಡ್ತೀರಿ. ಯಾವ ಬಾಗಿಲು ತಟ್ಟಲಿ ನಾನು? ಮಣ್ಣಲ್ಲಿಟ್ಟವನು ನಾನೇ. ಅಲ್ಲೇ ಇದ್ದಾಳೆ." ಕೆಮ್ಮು ಬಂದು ಮಾತು ನಿಂತಿತು.

ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕಡೇನೀರಮ್ಮ ಎಲ್ಲ ಕೇಳಿಸಿಕೊಂಡಳು. ಬೇಕರಿಯವನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಅವರಲ್ಲಿ ಒಬ್ಬನು ಎಲ್ಲರ ಹೊರೆ ಹೊರಬಹುದಂತೆ. ಮೇಷ್ಟ್ರ ಲೆಕ್ಕದಲ್ಲಿ ಈ ಸಲ ತಪ್ಪಿದರೆ ಇನ್ನೊಂದು ಜನ್ಮ. ಅವಳ ನಂಬಿಕೆಯಲ್ಲಿ ಬಾಳು ಒಂದೇ, ಲೆಕ್ಕವೂ ಒಂದೇ ಸಲ. ಒಬ್ಬರ ಹೊರೆಗೆ ಇನ್ನೊಬ್ಬರು ಹೆಗಲು ಕೊಡುವಂತಿಲ್ಲ. ಗಂಡನ ಪಾಲಿನ ಕಲಿಮಾ ಅವಳು ಹೇಳುವಂತಿದ್ದರೆ ಗಂಟಲು ಹರಿಯುವವರೆಗೆ ಹೇಳುತ್ತಿದ್ದಳು. ಛೇ, ಏನು ಯೋಚಿಸುತ್ತಿದ್ದೇನೆ ಎಂದು ಕೆನ್ನೆಗೆ ಹೊಡೆದುಕೊಂಡು ಅಲ್ಲಾಹನಲ್ಲಿ ಕ್ಷಮೆ ಕೇಳಿದಳು.

ಅವತ್ತಿನಿಂದ ಅವಳು ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಮೆಲ್ಲಗೆ ಕಲಿಮಾ ಹೇಳುತ್ತಲೇ ಇದ್ದಳು.

"ನಂಗೆ ಗೊತ್ತು ಕಣೇ ನೀನೇನು ಮಾಡ್ತಿದ್ದೀಯಾಂತ" ಎಂದ ಅವನು. "ಸುಳ್ಳು ಹೇಳಿ ಸಾಯ್ಲಾ?"

ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು. ವಾದ ಮಾಡಿ ಅವನನ್ನು ಗೆದ್ದವರು ಯಾರಿದ್ದಾರೆ?

ಒಂದು ಮಧ್ಯಾಹ್ನ ಅವನ ಉಸಿರಿನ ಸದ್ದು ಬದಲಾಯಿತು. ಅದೆಷ್ಟೋ ಮನೆಗಳಲ್ಲಿ ಕೇಳಿದ ಸದ್ದು, ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಲಿಮಾ ಶುರುಮಾಡಿದಳು. ಮೂಗು ಕಟ್ಟಿತು, ದನಿ ಒಡೆಯಿತು, ನಡುವೆ ತಡವರಿಸಿ ನಿಂತಳು. ಅವನು ಕಣ್ಣು ತೆರೆದ. ಅವಳ ಒದ್ದೆ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ, ಅವಳು ಬಿಟ್ಟ ಕಡೆಯಿಂದಲ್ಲ, ಮೊದಲಿನಿಂದ, ಒಂದಕ್ಷರ ತಪ್ಪದಂತೆ ಇಡೀ ಕಲಿಮಾ ಹೇಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಳ್ಳಬೇಕಿತ್ತು. ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸಿಗೆ ತನ್ನ ಹೊತ್ತು ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ! ಸಂತೋಷ, ಅದರ ಬೆನ್ನಿಗೇ ಒಂದು ಅನುಮಾನ. ಮನಸ್ಸಿನಲ್ಲಿಲ್ಲದೆ ನಾಲಿಗೆ ಹೇಳಿದರೆ ನಡೆಯುತ್ತದೆಯೇ? ಮಾತು ಜಾರಿತು.

"ರೀ, ನಿಜವಾಗ್ಲೂ ಹೇಳಿದ್ರಾ, ನನಗೋಸ್ಕರ ಹೇಳಿದ್ರಾ?"

ಅವನ ತುಟಿ ಅಲುಗಿತು. "ನಿನಗೋಸ್ಕರ ಕಣೇ. ಅಳ್ಬೇಡ."

"ಅಯ್ಯೋ, ಇಲ್ಲ ಇಲ್ಲ, ಮಾತಾಡ್ಬೇಡಿ" ಎಂದು ಚೀರಿದಳು. ಮತ್ತೆ ಕಲಿಮಾ ಶುರುಮಾಡಿದಳು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಕೊನೆಗೆ ಅವನ ಭುಜ ಹಿಡಿದು ಅಲುಗಿಸುತ್ತ, ಯಾರಿಗೂ ಮಾಡಬೇಡಿ ಎಂದು ಹೇಳಿಕೊಟ್ಟಿದ್ದನ್ನೆಲ್ಲ ಮಾಡುತ್ತ. ಅವನು ಹೋಗಿಯಾಗಿತ್ತು.

ಜೀವಮಾನವಿಡೀ ಪ್ರೀತಿಯ ಮಾತೊಂದನ್ನೂ ಆಡದ ಗಂಡ ಆಡಿದ ಒಂದೇ ಒಂದು ಪ್ರೀತಿಯ ಮಾತು ಅದು. ಅದನ್ನೇ ಅವಳು ಕೇಳಬಾರದಿತ್ತು.

ಇಮಾಮರು ಬಂದು ಮೆತ್ತಗೆ ಕೇಳಿದರು. "ಕಡೆಗೆ ಏನಂದ್ರಮ್ಮ?"

"ಕಲಿಮಾ ಹೇಳಿದ್ರು."

"ಅಲ್ಹಮ್ದುಲಿಲ್ಲಾಹ್. ಒಳಗಿದ್ದದ್ದು ಅಲ್ಲಾಹನಿಗೆ ಬಿಟ್ಟದ್ದು. ಎದೆ ಬಗೆದು ನೋಡೋಕೆ ನಾವ್ಯಾರು?"

ಎದೆ ಬಗೆದು ನೋಡಿದವಳು ತಾನೇ ಎಂದು ಅವಳು ಹೇಳಲಿಲ್ಲ.

ಸ್ನಾನ ಮಾಡಿಸಲು ಗಂಡಸರು ಬಂದಿದ್ದರು. ಗಂಡನಿಗೆ ಹೆಂಡತಿ ಮಾಡಿಸಬಹುದು; ಅವಳು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಹಲಗೆಯ ಮೇಲೆ ಅವನು ಎಷ್ಟು ಹಗುರವಾಗಿದ್ದ! ಬಲಗಡೆಯಿಂದ ತೊಳೆದಳು. ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳನ್ನು ಉಜ್ಜಿದಳು. ಕೊನೆಯ ನೀರಿಗೆ ಕರ್ಪೂರ ಹಾಕಿದಳು. ಬೇರೆ ಹೆಣಗಳಿಗೆ "ತಿರುಗಮ್ಮಾ, ಆಯ್ತಮ್ಮಾ" ಎಂದು ಸಮಾಧಾನ ಹೇಳುತ್ತಿದ್ದ ಬಾಯಿ ಅಲ್ಲಿಯವರೆಗೆ ತೆರೆದಿರಲಿಲ್ಲ.

ಕಫನಿನ ಬಟ್ಟೆ ಎಲ್ಲ ಸುತ್ತಿಯಾಗಿ ಮುಖವೊಂದು ಉಳಿಯಿತು. ಹೊರಗಿನಿಂದ ಯಾರೋ "ಆಯ್ತಾ?" ಎಂದು ಕರೆದರು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಬಗ್ಗಿ, ಅವನ ಕಿವಿಗೆ ತುಟಿ ಹಚ್ಚಿದಳು.

"ರೀ, ಬಾಗಿಲಲ್ಲಿ ಮಗಳು ಬಂದು ಕೈ ಹಿಡ್ಕೊಂಡ್ರೆ ತಕರಾರು ಮಾಡ್ಬೇಡಿ. ಸುಮ್ನೆ ಅವಳ ಹಿಂದೆ ಹೋಗಿಬಿಡಿ."