ಮುಟ್ಟದ ಕಾಗೆ

ನಿನ್ನ ಅಕ್ಕನಿಗೆ ನಾನು ಸುಳ್ಳು ಹೇಳಿದೆ, ಮೇಘು. ಡಾಕ್ಟರ ಎದುರಿಗೆ, ಅವಳ ಪಕ್ಕದ ಕುರ್ಚಿಯಲ್ಲೇ ಕೂತು, ಸಲೀಸಾಗಿ ಹೇಳಿದೆ. ಆ ಒಂದು ಮಾತಿನಿಂದ ಅವಳ ಎರಡು ವರ್ಷ ಹಾಳಾಯಿತು — ಬರೀ ಎರಡು ವರ್ಷವೇ ಆಗಿದ್ದರೆ ಇಷ್ಟು ಹೊತ್ತಿಗೆ ಹೇಗೋ ಸಮಾಧಾನ ಮಾಡಿಕೊಂಡಿರುತ್ತಿದ್ದೆ. ನಿನಗೆ ಫೋನಿನಲ್ಲಿ ಹೇಳಲು ಎಷ್ಟೋ ಸಲ ಹೊರಟೆ. ಪ್ರತಿ ಸಲವೂ ಅಡಿಲೇಡಿನಲ್ಲಿ ಬಿಸಿಲು ಹೇಗಿದೆ, ತೊಂಡೆಕಾಯಿ ಸಿಕ್ಕಿತೇ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಸ್ವಲ್ಪ ಹುಷಾರಿರಲಿಲ್ಲ, ಈಗ ಪರವಾಗಿಲ್ಲ — ನಿನಗೆ ಹೇಳಿರುವುದು ಇಷ್ಟೇ. ನಡೆದದ್ದು ಬೇರೆ. ಮೂವತ್ತಾರು ತುಂಬುವ ಹೊತ್ತಿಗೆ ಅವಳ ಮುಟ್ಟು ಏರುಪೇರಾಗತೊಡಗಿತು. ನಿದ್ದೆ ಹೋಯಿತು. ಆಫೀಸಿನಲ್ಲಿ ದಿನವೂ ನೋಡುವವರ ಹೆಸರೇ ಮರೆತುಹೋಗುತ್ತದೆ ಎಂದು ಹೆದರಿದಳು. ಬ್ರಿಸ್ಬೇನಿನ ಜುಲೈ ಚಳಿಯಲ್ಲಿ, ಕ್ಯಾಲಮ್‌ವೇಲ್‌ನ ಅವಳ ಮನೆಯಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡು ಕೂತಿದ್ದರೆ, ಅವಳು ಫ್ರಿಜ್ಜಿನ ಬಾಗಿಲು ತೆರೆದು ಮುಖ ಒಳಗಿಟ್ಟು ನಿಲ್ಲುತ್ತಿದ್ದಳು. "ಅಜ್ಜಿ, ಮಮ್ ಈಸ್ ಇನ್ ದ ಫ್ರಿಜ್ ಅಗೇನ್," ಎಂದು ದಿಯಾ ನಗುತ್ತಿದ್ದಳು. ಮೊಮ್ಮಗಳ ಜೊತೆ ನಾನೂ ನಕ್ಕೆ.

ಆದರೆ ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಎದೆಯಲ್ಲಿ ಹುಟ್ಟಿ, ಕುತ್ತಿಗೆ ಹತ್ತಿ, ಕಿವಿಯ ಹಿಂದೆ ಬೆವರಾಗಿ ಇಳಿಯುವ ಆ ಉರಿ — ಅದು ನನಗೆ ಪರಿಚಯದ್ದು. ಅವಳ ಬೆನ್ನು ನೋಡುತ್ತಾ ಸುಮ್ಮನೆ ಸೊಪ್ಪು ಬಿಡಿಸುತ್ತಿದ್ದೆ.

ಮೊದಲು ಹೋದದ್ದು ನಮ್ಮ ಕನ್ನಡದ ಡಾಕ್ಟರ ಬಳಿ. ನಿನ್ನ ಭಾವನ ಸ್ನೇಹಿತರು, ಮೈಸೂರಿನವರು, ಹಬ್ಬಕ್ಕೆ, ಇಲ್ಲಿಯವರು ಬಾರ್ಬಿ ಎನ್ನುವ ಹಿತ್ತಲ ಊಟಕ್ಕೆ, ಎಲ್ಲ ಕಡೆ ಸಿಗುವವರು. ಜೊತೆಗೆ ಬಾರಮ್ಮ ಎಂದಳು, ಹೋದೆ. ಅವಳು ಒಂದನ್ನೂ ಬಿಡದೆ ಹೇಳಿದಳು. ಕೊನೆಗೆ ತಾನೇ ಕೇಳಿದಳು, ಇದು ಮೆನೋಪಾಸ್ ಇರಬಹುದೇ ಎಂದು. ಡಾಕ್ಟರು ನಕ್ಕು ನನ್ನ ಕಡೆ ತಿರುಗಿದರು.

"ಆಂಟಿ, ನಿಮಗೆ ಎಷ್ಟು ವಯಸ್ಸಿಗೆ ನಿಂತಿದ್ದು? ಕೆಲವರಿಗೆ ತಾಯಿ ಥರಾನೇ ಬೇಗ ಆಗ್ಬಿಡುತ್ತೆ, ಅದಕ್ಕೆ ಕೇಳ್ತಿದೀನಿ."

ಕಾರಣವನ್ನೂ ಹೇಳಿಯೇ ಕೇಳಿದರು. ಗೊತ್ತಿಲ್ಲದೆ ಹಾಗೆಂದುಬಿಟ್ಟೆ ಎನ್ನುವ ದಾರಿಯೂ ನನಗೆ ಉಳಿದಿಲ್ಲ.

"ಐವತ್ತರ ಹತ್ತಿರ," ಎಂದೆ.

ನಿನ್ನ ಅಕ್ಕ, ಪಾಪ, ನನ್ನ ಸುಳ್ಳಿಗೆ ಸಾಕ್ಷಿಯನ್ನೂ ಒದಗಿಸಿದಳು. "ಹೌದು ಡಾಕ್ಟರ್. ನಾನು ಡಿಗ್ರಿ ಓದೋವಾಗ್ಲೂ ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂತ್ಕೋತಿದ್ರು. ನಂಗೆ ಚೆನ್ನಾಗಿ ನೆನಪಿದೆ."

"ಮತ್ತಿನ್ನೇನು? ನಿಮಗಿನ್ನೂ ಬೇಕಾದಷ್ಟು ಟೈಮಿದೆ," ಎಂದರು ಡಾಕ್ಟರು. "ಇದೆಲ್ಲ ಸ್ಟ್ರೆಸ್. ಸ್ವಲ್ಪ ವಾಕಿಂಗ್ ಮಾಡಿ." ನಿದ್ದೆಗೆ ಮಾತ್ರೆ ಬರೆದುಕೊಟ್ಟರು.

ನಿನಗೂ ನೆನಪಿರಬೇಕು — ತುಮಕೂರಿನ ಮನೆಯ ಹಿಂದುಗಡೆಯ ಸಣ್ಣ ಕೋಣೆ, ಚಾಪೆ, ನನ್ನದೇ ತಟ್ಟೆ ಲೋಟ. ಅಮ್ಮನಿಗೆ ಕಾಗೆ ಮುಟ್ಟಿದೆ, ಹತ್ತಿರ ಹೋಗಬೇಡಿ ಎಂದು ನಿಮ್ಮಜ್ಜಿ ನಿಮ್ಮಿಬ್ಬರನ್ನೂ ತಡೆಯುತ್ತಿದ್ದರು. ನೀನು ದೂರದಲ್ಲೇ ನಿಂತು, ನನ್ನ ಸೀರೆಯ ಮೇಲೆ ಕಾಗೆಯ ಗುರುತು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಮೇಘು, ಯಾವ ಕಾಗೆಯೂ ಮುಟ್ಟುತ್ತಿರಲಿಲ್ಲ. ನನಗೆ ಮೂವತ್ತಾರಕ್ಕೇ ನಿಂತುಹೋಗಿತ್ತು. ಆಗ ನಿನಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ನಿಮ್ಮಜ್ಜಿ ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷ, ನಾನು ಹೊರಗೆ ಕೂತದ್ದೆಲ್ಲ ನಾಟಕ.

ಮೊದಮೊದಲು ಭಯಕ್ಕೆ ಮಾಡಿದೆ. ಎರಡು ಹೆಣ್ಣಾಗಿದ್ದವು, ಅತ್ತೆಗೆ ಗಂಡು ಮೊಮ್ಮಗ ಬೇಕಿತ್ತು. ಸೊಸೆಯ ಹೊಟ್ಟೆ ಇನ್ನು ಹಣ್ಣು ಬಿಡುವುದಿಲ್ಲ ಎಂದು ಗೊತ್ತಾದರೆ ನಿಮ್ಮಪ್ಪನ ಕಿವಿಗೆ ಏನು ಊದುತ್ತಾರೋ ಎಂದು ಹೆದರಿದೆ. ಅವರ ಲೆಕ್ಕವೋ, ಪಂಚಾಂಗಕ್ಕಿಂತ ಪಕ್ಕಾ. ಹಾಗಾಗಿ ನಾನೂ ಪಕ್ಕಾ ಇರಬೇಕಾಯಿತು. ಒಮ್ಮೆ ಹಬ್ಬದ ಅಡುಗೆ ಕೈಬಿಟ್ಟು ಹೋಗದಿರಲಿ ಎಂದು ಹೊರಗೆ ಕೂರುವುದನ್ನು ಹತ್ತು ದಿನ ಮುಂದೂಡಿದೆ. ಅತ್ತೆ ಆಸೆಯಿಂದ ನನ್ನ ಮುಖ ನೋಡತೊಡಗಿದರು, ಊಟಕ್ಕೆ ಬಡಿಸುವಾಗ ಒಂದು ಚಮಚ ತುಪ್ಪ ಹೆಚ್ಚು ಹಾಕಿದರು. ತಡೆಯಲಾಗದೆ ಮಾರನೆಯ ದಿನವೇ ಹೊರಗೆ ಕೂತೆ. ಅವರ ಆ ಮುಖವನ್ನೂ ಮರೆತಿಲ್ಲ.

ಭಯ ಎರಡು ವರ್ಷದಲ್ಲಿ ಮುಗಿಯಿತು. ಆಮೇಲಿನದು ಬರೀ ಆಸೆ. ಎಂಟು ಜನರ ಮನೆ ಅದು, ಬೆಳಿಗ್ಗೆ ಒಲೆ ಹಚ್ಚಿದರೆ ರಾತ್ರಿಯವರೆಗೆ ನನಗೆ ಬಿಡುವಿರಲಿಲ್ಲ. ಆ ಮೂರು ದಿನ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ. ಓರಗಿತ್ತಿ ತಟ್ಟೆಗೆ ಬಡಿಸಿ ಇಟ್ಟು ಹೋಗುತ್ತಿದ್ದಳು. ಲೈಬ್ರರಿಯ ಕಾದಂಬರಿ ಓದುತ್ತಾ, ಉರಿ ಬಂದಾಗ ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ಅಷ್ಟು ಸುಖವಾಗಿತ್ತು, ಹೇಳಲು ನಾಚಿಕೆಯಾಗುತ್ತದೆ. ನಿಮ್ಮಪ್ಪನಿಗೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ — ಒಂದು ಸಲ ಪುಸ್ತಕ ತಂದುಕೊಟ್ಟು, ಇದು ಮೂರು ದಿನಕ್ಕೆ ಸಾಕಾಗುತ್ತದೆಯೇ ಎಂದು ಕೇಳಿದ್ದರು — ಬಿಡು.

ಡಾಕ್ಟರು ಕೇಳಿದಾಗ ಇದೆಲ್ಲ ಒಟ್ಟಿಗೆ ಬಾಯಿಗೆ ಬಂದು ನಿಂತಿತು. ನಿಜ ಹೇಳಿದರೆ ಮಗಳು ಕೇಳುತ್ತಾಳೆ, ಹಾಗಾದರೆ ನೀನು ಹೊರಗೆ ಕೂತದ್ದು ಯಾಕೆ ಎಂದು. ಡಾಕ್ಟರು ಹೆಂಡತಿಗೆ ಹೇಳುತ್ತಾರೆ, ಆಕೆ ಮುಂದಿನ ಬಾರ್ಬಿಯಲ್ಲಿ ಹೇಳುತ್ತಾಳೆ. ಹನ್ನೊಂದು ವರ್ಷ ಅತ್ತೆಗೆ ಟೋಪಿ ಹಾಕಿದ ಸೊಸೆ ಎಂದು ಪರದೇಶದಲ್ಲಿ ಹೆಸರು ಬರುತ್ತದೆ. ನನ್ನ ಮಾನಕ್ಕೆ ಅವತ್ತು ನಾನು ಕೊಟ್ಟ ಬೆಲೆ ಅದು. ಕೊಟ್ಟದ್ದು ನನ್ನ ಕೈಯಿಂದ, ಹೋದದ್ದು ಅವಳದ್ದು.

ಆಮೇಲೆ ಇನ್ನೊಬ್ಬ ಡಾಕ್ಟರು. ಅಮ್ಮನಿಗೆ ಐವತ್ತಕ್ಕೆ ಎಂದು ಅವರಿಗೂ ಹೇಳಿದಳು, ಅವರೂ ತಲೆಯಾಡಿಸಿ ಮನಸ್ಸಿಗೆ ಮಾತ್ರೆ ಕೊಟ್ಟರು. ತನಗೇ ಏನೋ ಆಗಿದೆ, ತಾನೇ ಸುಮ್ಮನೆ ಗೋಳಾಡುತ್ತಿದ್ದೇನೆ ಎಂದು ನಂಬತೊಡಗಿದಳು. ಮುಟ್ಟು ನಿಂತೇಹೋದ ಮೇಲೂ ಅದು ಟೆನ್ಷನ್ನಿಗೆ ಎಂದಳು. ನಾನು ಏನೇ ಹೇಳಿರಲಿ, ಇಬ್ಬರು ಡಾಕ್ಟರುಗಳೂ ಒಂದು ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಅದು ಅವರ ಪಾಪ. ಅದರಿಂದ ನನ್ನದು ಕಮ್ಮಿಯಾಗುವುದಿಲ್ಲ. ಅವರು ವರ್ಷಕ್ಕೆ ಎರಡು ಸಲ ಅವಳನ್ನು ನೋಡಿದರು, ನಾನು ದಿನಾ ನೋಡಿದೆ. ನೋಡಿ ಮೆಂತ್ಯದ ನೀರು ಕೊಟ್ಟೆ.

ಮೂರನೆಯವರು ಒಬ್ಬ ವಯಸ್ಸಾದ ಹೆಂಗಸು. ಅಮ್ಮನ ವಿಷಯ ಆಮೇಲೆ, ಮೊದಲು ನಿನ್ನ ರಕ್ತ ನೋಡೋಣ ಎಂದರಂತೆ. ಒಂದಲ್ಲ, ಎರಡು ಸಲ ಮಾಡಿಸಿದರು. ಮೂಳೆಯ ಸ್ಕ್ಯಾನ್ ಮಾಡಿಸಿದರು, ಆಗಲೇ ಸವೆಯಲು ಶುರುವಾಗಿತ್ತು. ಆ ದಿನ ಅವಳು ಕ್ಲಿನಿಕ್ಕಿನಿಂದ ಬಂದವಳು ಕಾರಿನ ಕೀಲಿ ಕೈಯಲ್ಲೇ ಹಿಡಿದು ಅಡುಗೆಮನೆಯಲ್ಲಿ ನಿಂತಳು.

"ಮೆನೋಪಾಸೇ ಅಂತೆ ಅಮ್ಮ. ಮುಗಿದೇ ಹೋಗಿದೆಯಂತೆ." ಕೀಲಿಯನ್ನೇ ನೋಡುತ್ತಾ ಹೇಳಿದಳು, "ಎರಡನೇ ಮಗು ಬೇಕಿತ್ತಾ ಅಂತ ಕೇಳಿದ್ರು. ಎರಡು ವರ್ಷದ ಹಿಂದೆ ಬಂದಿದ್ರೆ ಟ್ರೈ ಮಾಡಬಹುದಿತ್ತಂತೆ. ಆಗ್ತಿತ್ತೋ ಇಲ್ವೋ ಹೇಳೋಕಾಗಲ್ಲ ಅಂದ್ರು."

ದಿಯಾಳ ಸಣ್ಣ ಬಟ್ಟೆಗಳನ್ನು ಅವಳು ಯಾರಿಗೂ ಕೊಡದೆ ಇಟ್ಟುಕೊಂಡಿದ್ದಳು. ಅದು ನನಗೆ ಗೊತ್ತಿತ್ತು. ಎಲ್ಲವೂ ನನಗೆ ಗೊತ್ತಿತ್ತು.

"ನನಗೆ ಮೂವತ್ತಾರಕ್ಕೇ ನಿಂತಿತು ಕಣೇ," ಎಂದೆ. ನಿಂತಲ್ಲೇ ಎಲ್ಲ ಹೇಳಿದೆ. ಕೋಣೆ, ಚಾಪೆ, ನಾಟಕ, ಸುಖ.

ಅವಳು ಕೂಗಾಡಲಿಲ್ಲ. ಕಾರಿನ ಕೀಲಿ ಟೇಬಲಿನ ಮೇಲಿಟ್ಟು ಕೇಳಿದಳು, "ನಿಂಗೂ ಹೀಗೇ ಉರೀತಿತ್ತಾ?"

"ಉರೀತಿತ್ತು."

"ಯಾರಿಗೂ ಹೇಳ್ಲೇ ಇಲ್ವಾ?"

"ಇಲ್ಲ."

ಕಣ್ಣೊರೆಸಿಕೊಂಡಳು. "ಪಾಪ ಅಮ್ಮ ನೀನು," ಎಂದಳು. ಮೇಘು, ಅವಳು ನನಗೆ ಎರಡು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಹೇಳಿದಳು, "ಆದ್ರೆ ನಂಗೆ ತುಂಬಾ ಕೋಪ ಬಂದಿದೆ. ಅದು ಇವತ್ತು ನಾಳೆ ಹೋಗಲ್ಲ."

ಹೋಗಿಲ್ಲ. ಈಗ ಸರಿಯಾದ ಔಷಧಿ ಸಿಕ್ಕಿದೆ, ನಿದ್ದೆ ಬರುತ್ತಿದೆ, ಮುಖದಲ್ಲಿ ಕಳೆ ಬಂದಿದೆ. ನನ್ನ ಕಾಫಿ ಮೊದಲಿನಂತೆಯೇ ಟೇಬಲಿನ ಮೇಲೆ ಇಡುತ್ತಾಳೆ, ಆದರೆ ಪಕ್ಕದಲ್ಲಿ ಕೂರುವುದಿಲ್ಲ. ನನ್ನನ್ನು ಕ್ಷಮಿಸಿದೆಯಾ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಹಾಗೆ ಕೇಳಿ ಅವಳ ತಲೆಯ ಮೇಲೆ ಇನ್ನೊಂದು ಭಾರ ಹೊರಿಸುವ ಹಕ್ಕು ನನಗಿಲ್ಲ. ಅವಳು ನನ್ನಿಂದ ಕೇಳಿದ್ದು ಒಂದೇ. "ಮೇಘುಗೆ ನೀನೇ ಹೇಳು. ನಾನು ಹೇಳಲ್ಲ."

ಮಾಸನ್ ಲೇಕ್ಸ್‌ನ ಹೊಸ ಮನೆಯ ಸಾಲ ಸ್ವಲ್ಪ ತೀರಲಿ, ಮಗು ಆಮೇಲೆ ನೋಡೋಣ ಎನ್ನುತ್ತೀಯ ನೀನು. ಹೋದ ವಾರ ನಗುತ್ತಾ ಹೇಳಿದೆ — ಎಸಿ ಹಾಕಿದ್ದರೂ ಬೆವರಿ ಎಚ್ಚರವಾಗುತ್ತದೆ, ಅಡಿಲೇಡಿನ ಸೆಕೆ ಅಮ್ಮ, ಎಂದು. ಸೆಕೆಯೇ ಇರಬಹುದು. ಸೆಕೆಯೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಆದರೂ ಈ ವಾರವೇ ಡಾಕ್ಟರ ಬಳಿ ಹೋಗು. ಅವರು ಕೇಳುವವರೆಗೆ ಕಾಯಬೇಡ, ಕೂತ ಕೂಡಲೇ ಹೇಳು — ಅಮ್ಮನಿಗೆ ಮೂವತ್ತಾರಕ್ಕೆ, ಅಕ್ಕನಿಗೆ ಮೂವತ್ತೆಂಟಕ್ಕೆ, ನನಗೀಗ ಮೂವತ್ತನಾಲ್ಕು. ರಕ್ತ ಪರೀಕ್ಷೆ ಮಾಡಿಸದೆ ಎದ್ದು ಬರಬೇಡ. ಅವರು ನಕ್ಕರೆ, ಇಷ್ಟು ಬೇಗ ಯಾರಿಗೂ ಆಗುವುದಿಲ್ಲ ಎಂದರೆ, ಅಲ್ಲಿಂದಲೇ ನನಗೆ ಫೋನ್ ಮಾಡಿ ಅವರ ಕೈಗೆ ಕೊಡು. ನನ್ನ ಹರುಕು ಇಂಗ್ಲಿಷಿನಲ್ಲೇ ನಾನು ಹೇಳುತ್ತೇನೆ.