ರಸಮಟ್ಟದ ಮಾವನ ಪಿಜ್ಜಾ

ನಮ್ಮ ಮಾವ ಯಾರ ಮನೆಗೆ ಕಾಲಿಟ್ಟರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ನೆಲವನ್ನು. ಟೈಲ್ಸ್ ಹಾಸುವುದು ಅವರ ಕಸುಬು. ಜೇಬಿನಲ್ಲಿ ಸದಾ ಗೇಣುದ್ದದ ಒಂದು ರಸಮಟ್ಟ. ಅದರ ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ನಿಂತರೆ ನೆಲ ಮಟ್ಟಸವಾಗಿದೆ ಎಂದರ್ಥ. ನಿಲ್ಲದಿದ್ದರೆ ಆ ಮನೆಯವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ, ಕಾಫಿ ಕುಡಿದು ಏಳುವವರೆಗೂ ಅದೇ ಮಾತು. ಹಾಗಾಗಿ ಬೀದಿಯವರೆಲ್ಲ ಅವರನ್ನು ರಸಮಟ್ಟ ಎಂದೇ ಕರೆಯುತ್ತಾರೆ.

ಅಂಥ ಮಾವ ಮೂಲೆ ಹಿಡಿದು ಕೂತುಬಿಟ್ಟರು. ಆಯುಷ್ಯವಿಡೀ ಮಂಡಿಯೂರಿ ನೆಲ ಹಾಸಿದ ಮನುಷ್ಯ, ಎರಡೂ ಮಂಡಿ ಕೈಕೊಟ್ಟವು. ನಿಲ್ಲಿ, ನಡೆಯಿರಿ, ಮಂಡಿಯೂರುವುದು ಮಾತ್ರ ಇನ್ನು ಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಿಂತುಕೊಂಡು ನೆಲ ಹಾಸುವವರನ್ನು ಯಾರಾದರೂ ಕಂಡಿದ್ದಾರೆಯೇ? ಮಾವ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡರು. ಮಾತು ನಿಂತಿತು, ಊಟ ಅರ್ಧವಾಯಿತು. ರಸಮಟ್ಟ ಕಪಾಟು ಸೇರಿತು.

ನಾನು ಅವರ ತಂಗಿಯ ಮಗಳು, ಅವರ ಮನೆಯ ಮಹಡಿ ಕೋಣೆಯಲ್ಲೇ ಇರುವವಳು. ಒಂದು ದಿನ ಅತ್ತೆ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡರು. “ಇವರು ಹೀಗೇ ಕೂತ್ರೆ ನನ್ನ ಕೈಗೆ ಸಿಗಲ್ಲ ಕಣೇ. ಏನಾದ್ರೂ ಮಾಡು. ಎಲ್ಲಿಗಾದ್ರೂ ಕರ್ಕೊಂಡು ಹೋಗು.”

ನನಗೆ ಗೊತ್ತಿದ್ದ ಔಷಧಿ ಒಂದೇ, ತಿನ್ನುವುದು. ಅದರಲ್ಲೂ ಪಿಜ್ಜಾ. ಈ ವಿಷಯದಲ್ಲಿ ನಾನು ಮಹಾ ಜಗಳಗಂಟಿ. ಡಬ್ಬದಲ್ಲಿ ಬೆವರಿ, ಮೆತ್ತಗಾಗಿ, ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುವುದನ್ನು ಯಾರಾದರೂ ಪಿಜ್ಜಾ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳ್ಳೆಯದು ನಮ್ಮ ಸುತ್ತಮುತ್ತಲೇ ಎಲ್ಲೋ ಇರಬೇಕು, ಹುಡುಕಿಯೇ ತೀರುತ್ತೇನೆ ಎಂದು ಮಾವನನ್ನು ಎಬ್ಬಿಸಿಕೊಂಡು ಸಂಜೆ ಸಂಜೆ ಹೊರಟೆ. ಒಂದು ಕಡೆ ಸಾಸು ಬರೀ ಸಿಹಿ, ಇನ್ನೊಂದು ಕಡೆ ಚೀಸು ಶುದ್ಧ ರಬ್ಬರು. ಮಾವ ಒಂದು ತುಂಡು ಕಚ್ಚಿ, “ಗಾರೆ ಇದಕ್ಕಿಂತ ವಾಸಿ,” ಎಂದು ತಟ್ಟೆ ದೂಡುತ್ತಿದ್ದರು. ಅಂತೂ ಬಾಯಿ ಬಿಟ್ಟರಲ್ಲ, ನನಗೆ ಅದೇ ದೊಡ್ಡ ಖುಷಿ!

ಕೊನೆಗೂ ಸಿಕ್ಕಿತು. ಸೈಕಲ್ ರಿಪೇರಿ ಅಂಗಡಿಗೂ ಲಾಂಡ್ರಿಗೂ ನಡುವೆ ಇಷ್ಟೇ ಇಷ್ಟು ಜಾಗ. ಒಳಗೆ ಇಟ್ಟಿಗೆಯ ಗುಮ್ಮಟ ಹೊತ್ತ ಸೌದೆ ಒಲೆ, ಅದರ ಮುಂದೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಒಲೆಯಮ್ಮ. ಉದ್ದ ಹಿಡಿಯ ಸಲಿಕೆಯಲ್ಲಿ ಪಿಜ್ಜಾ ತೆಗೆದು ನಮ್ಮ ಮುಂದಿಟ್ಟರು. ಅಂಚು ಉಬ್ಬಿ ಅಲ್ಲಲ್ಲಿ ಸುಟ್ಟ ಚುಕ್ಕೆ, ಟೊಮೆಟೊ ಹುಳಿಹುಳಿ, ತಳ ಗರಿಗರಿ. ಅಯ್ಯೋ, ಎಂಥ ರುಚಿ! ಕಣ್ಣು ಮುಚ್ಚಿ ಅರ್ಧ ಮುಗಿಸಿದೆ. ಕಣ್ಣು ಬಿಟ್ಟರೆ ಮಾವ ಕೈಯಲ್ಲೊಂದು ತುಂಡು ಹಿಡಿದುಕೊಂಡೇ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

“ಚೀಸೆಲ್ಲಾ ಒಂದೇ ಕಡೆ ಹರಿದಿದೆ,” ಎಂದರು. ಆಮೇಲೆ ದನಿ ಎತ್ತಿ, “ಅಮ್ಮಾ, ನಿಮ್ಮ ಒಲೆ ನೆಲ ಒಂದು ಕಡೆ ಕುಸಿದಿದೆಯಾ?”

ನಾನು ಮೇಜಿನಡಿ ಅವರ ಕಾಲು ತುಳಿದೆ. ಒಲೆಯಮ್ಮನ ಮುಖ ಮಾತ್ರ ಅರಳಿತು. “ಹೌದು ಯಜಮಾನ್ರೇ! ಒಳಗೆ ಇಟ್ಟಿಗೆ ಕೂತುಹೋಗಿದೆ. ಪಿಜ್ಜಾ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಗ್ತಿದೆ. ರಿಪೇರಿಗೆ ಬಂದವರೆಲ್ಲಾ ಇಣುಕಿ ನೋಡಿ ಜಾರ್ಕೊಳ್ತಾರೆ. ನೀವು ಆ ಕೆಲಸದವರಾ? ಹಾಸ್ಕೊಡ್ತೀರಾ?”

ಮಾವನ ಮುಖ ಬಾಡಿತು. “ನೆಲದ ಕೆಲಸ ಬಿಟ್ಟೆ ಅಮ್ಮಾ. ಮಂಡಿ ಹೋಗಿದೆ.”

ನಾನೂ ಪಾಪ ಎಂದು ತಲೆಯಾಡಿಸಿದೆ. ನಮ್ಮಿಬ್ಬರ ಬುದ್ಧಿಗೆ ಏನು ಮಂಕು ಕವಿದಿತ್ತೋ!

ಆದರೆ ದಾರಿಯುದ್ದಕ್ಕೂ ಮಾವನ ಬಾಯಿಗೆ ಬಿಡುವಿರಲಿಲ್ಲ. “ಕಾದ ಇಟ್ಟಿಗೆ ಮೇಲೆ ಬೆಂದಿದ್ದಕ್ಕೇ ತಳ ಹಾಗೆ ಬಂದಿದ್ದು. ನಮ್ಮನೇಲೂ ಓವನ್ ಇದೆ, ತಾರಸಿ ಮೇಲೆ ದಪ್ಪ ಮಣ್ಣಿನ ಟೈಲ್ಸ್ ಬಿದ್ದಿದೆ. ನಾವೇ ಮಾಡೋಣ ಕಣೇ!” ಅತ್ತೆಗೆ ವಿಷಯ ತಿಳಿದು, ಮಾವ ಕೇಳುವ ಮೊದಲೇ ಮೈದಾ ಡಬ್ಬ ಇಳಿಸಿದರು.

ರಜೆಯ ದಿನ ಅಡುಗೆಮನೆ ಕಟ್ಟಡ ಕೆಲಸದ ಜಾಗವಾಯಿತು. ಹಿಟ್ಟು ರಾತ್ರಿಯೇ ಕಲಸಿಟ್ಟಿದ್ದು ಸೊಗಸಾಗಿ ಉಬ್ಬಿತ್ತು. ಮಾವ ಟೈಲ್ಸನ್ನು ಓವನ್ನಿಗಿಟ್ಟು ಉರಿ ಏರಿಸಿದರು. ಸ್ವಲ್ಪ ಹೊತ್ತಿಗೆ ಢಬ್ ಎಂದು ಸದ್ದು! ಬಾಗಿಲು ತೆಗೆದರೆ ಟೈಲ್ಸ್ ಮೂರು ಹೋಳು, ಬುಸ್ಸೆಂದು ಹಬೆ.

“ಹಬೆ ಎಲ್ಲಿಂದ ಬಂತ್ರೀ?” ಎಂದರು ಅತ್ತೆ.

“ರಾತ್ರಿಯೆಲ್ಲಾ ಬಕೆಟ್ಟಲ್ಲಿ ನೆನೆಸಿಟ್ಟಿದ್ದೆ,” ಎಂದರು ಮಾವ. “ನೀರು ಕುಡಿಸದೆ ಟೈಲ್ಸ್ ಹಾಕೋದುಂಟೇನೇ?”

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಮಾವ ಕುರ್ಚಿಯ ಕಡೆ ನೋಡಿದರು. ನನ್ನ ನಗು ಅಲ್ಲೇ ನಿಂತಿತು. ಮತ್ತೆ ಹೋಗಿ ಕೂತುಬಿಡುತ್ತಾರೇನೋ! ಅತ್ತೆ ತಾರಸಿಗೆ ಹೋಗಿ ಬಿಸಿಲಲ್ಲಿ ಕಾದು ಒಣಗಿದ್ದ ಇನ್ನೊಂದು ಟೈಲ್ಸ್ ತಂದು ಅವರ ಕೈಗಿಟ್ಟರು. ಜೊತೆಗೆ ಕಪಾಟಿನಿಂದ ರಸಮಟ್ಟವನ್ನೂ.

ಈ ಸಲ ಮಾವ ಟೈಲ್ಸಿನ ಮೇಲೆ ರಸಮಟ್ಟವಿಟ್ಟು ಓವನ್ನಿನ ಒಂದು ಕಾಲಿನಡಿ ರಟ್ಟು ತುರುಕಿದರು. ಗುಳ್ಳೆ ನಡುವಿಗೆ ಬಂತು. ಟೈಲ್ಸ್ ಚೆನ್ನಾಗಿ ಕಾಯುವವರೆಗೆ ನಮ್ಮನ್ನು ಹತ್ತಿರ ಬಿಡಲಿಲ್ಲ. ಆಮೇಲೆ ಪಿಜ್ಜಾ ಜಾರಿಸಿದರು. ನಾವು ಮೂವರೂ ಓವನ್ ಬಾಗಿಲ ಗಾಜಿನತ್ತ ಮೂಗು ಚಾಚಿ ನಿಂತೆವು. ಅಂಚು ಎದ್ದಿತು! ಚೀಸು ಕುದಿದು ನಡುವೆಯೇ ನಿಂತಿತು!

ಹೊರಗೆ ತೆಗೆದು ಮಾವ ಬೆರಳ ಗೆಣ್ಣಿನಿಂದ ತಳ ತಟ್ಟಿದರು. ಟೊಳ್ಳು ಸದ್ದು. ಮುಖ ಪೆಚ್ಚಾಯಿತು. ಅವರ ಕಸುಬಿನಲ್ಲಿ ಟೊಳ್ಳು ಸದ್ದು ಬಂದರೆ ಟೈಲ್ಸ್ ಕಿತ್ತು ಮತ್ತೆ ಹಾಕಬೇಕು.

“ಮಾವಾ, ಇದು ಟೊಳ್ಳಿರಬೇಕು! ಟೊಳ್ಳಿದ್ರೇ ಚೆನ್ನಾಗಿ ಬೆಂದಿದೆ ಅಂತ!” ಎಂದು ಕಿರುಚಿದೆ. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಮುರಿದ ಸದ್ದು ಬಾಗಿಲವರೆಗೆ ಕೇಳಿಸಿತು. ಮಾವ ಒಂದರ ಮೇಲೊಂದು ನಾಲ್ಕು ತುಂಡು ತಿಂದರು.

“ಬೆಳಗ್ಗೆಯಿಂದ ನಿಂತೇ ಇದ್ದೀರಲ್ರೀ, ಕಾಲು ನೋಯ್ತಿಲ್ವಾ?” ಎಂದು ಅತ್ತೆ ಕೇಳಿದರು.

“ನಿಂತ್ರೆ ಏನೂ ಆಗಲ್ಲ ಕಣೇ, ಮಂಡಿ ಊರಿದ್ರೇ...” ಮಾವನ ಮಾತು ಅರ್ಧಕ್ಕೇ ನಿಂತಿತು. ಓವನ್ನಿನೊಳಗೆ ತಾವೇ ಮಟ್ಟ ನೋಡಿ ಇಟ್ಟ ಟೈಲ್ಸನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಲೇ, ಆ ಅಮ್ಮನ ಒಲೆ ನೆಲ ಎಷ್ಟೆತ್ತರಕ್ಕಿದೆ?”

ನಾನು ನನ್ನ ಸೊಂಟದ ಮೇಲೆ ಕೈಯಿಟ್ಟು ತೋರಿಸಿದೆ. ತೋರಿಸುತ್ತಿದ್ದ ಹಾಗೇ ನನಗೂ ಹೊಳೆಯಿತು. ನೆಲ ಅಂದ ಕೂಡಲೇ ಇಬ್ಬರೂ ಮಂಡಿಯನ್ನೇ ನೆನೆದಿದ್ದೆವಲ್ಲ! ಮಾವ ಕೈಯನ್ನೂ ತೊಳೆಯದೆ ಚಪ್ಪಲಿ ಹುಡುಕತೊಡಗಿದರು.

ನಮ್ಮ ಮಾತಿನಂತೆ ಒಲೆಯಮ್ಮ ಅಂಗಡಿಯ ವಾರದ ರಜೆಯ ದಿನ ಒಲೆ ಆರಿಸಿ ತಣ್ಣಗೆ ಮಾಡಿಟ್ಟಿದ್ದರು. ಮಾವ ಹಳೆ ಸಾಮಾನಿನ ಚೀಲ ಬಿಚ್ಚಿ, ಕೆಲಸಕ್ಕೆ ಮಂಡಿಗೆ ಕಟ್ಟುತ್ತಿದ್ದ ದಪ್ಪ ಪಟ್ಟಿಗಳನ್ನು ಹೊರತೆಗೆದರು. ಜೊತೆಗೆ ಬಂದಿದ್ದ ಅತ್ತೆ ಗಾಬರಿಯಾಗಿ, “ಅದ್ಯಾಕ್ರೀ ಈಗ?” ಎಂದರು.

ಮಾವ ಪಟ್ಟಿಗಳನ್ನು ಎರಡೂ ಮೊಣಕೈಗಳಿಗೆ ಬಿಗಿದುಕೊಂಡರು. ಒಲೆಯ ಬಾಯಿಯ ಮೇಲೆ ಮೊಣಕೈ ಊರಿ, ಕಾಲು ನೆಟ್ಟಗೆ ನಿಲ್ಲಿಸಿ, ತಲೆ ಒಳಗೆ ತೂರಿಸಿದರು. ಕುಸಿದ ಇಟ್ಟಿಗೆಗಳು ಒಂದೊಂದಾಗಿ ಹೊರಬಂದವು, ಹೊಸ ಮರಳು ಒಳಗೆ ಹೋಯಿತು. ಒಲೆಯಮ್ಮ ಒಣ ಇಟ್ಟಿಗೆ ಎತ್ತಿಕೊಡುತ್ತಾ, ಬಕೆಟ್ ತರಲೇ ಎಂದು ಕೇಳಿದರು. “ಇದಕ್ಕೆ ನೀರು ಬೇಡ!” ಎಂದು ಗುಮ್ಮಟದೊಳಗಿಂದ ಗದರಿಕೆ ಬಂತು. ನಾನೂ ಅತ್ತೆಯೂ ಬಾಯಿಗೆ ದುಪಟ್ಟ, ಸೆರಗು ತುರುಕಿಕೊಂಡು ನಕ್ಕೆವು.

ಆಮೇಲೆ ಬಹಳ ಹೊತ್ತು ಬರೀ ತಟ್ಟುವ ಸದ್ದು. ಅದೂ ನಿಂತಿತು.

“ಇವಳೇ,” ಎಂದು ಒಲೆಯೊಳಗಿಂದ ಮಾವ ಅತ್ತೆಯನ್ನು ಕೂಗಿದರು. “ಬಂದು ನೋಡೇ, ಗುಳ್ಳೆ ನಡುವೆ ನಿಂತಿದೆ!”

ಅತ್ತೆ ಗುಳ್ಳೆಯನ್ನು ನೋಡಲಿಲ್ಲ. ನೆಟ್ಟಗೆ ನಿಂತಿದ್ದ ಆ ಎರಡು ಕಾಲುಗಳನ್ನೇ ನೋಡುತ್ತಾ, “ಹೂಂ ರೀ, ನಿಂತಿದೆ,” ಎಂದರು.